ಹಲ್ಲು ಕಂದಾಗಿದೆ ಅಂದ್ರೆ ಗುಟ್ಕಾ ತಿಂತಾರೆ ಅಂತಲೇನಾ?

ಸೀರೆ ಅಂಗಡಿ ಅಕ್ಕ:

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಒಂದು ವಿಷಯ ತಲೆ ಕೊರೆಯುತ್ತಿದೆ. ಮನೆಯಲ್ಲಿ ಹೇಳಿದೆ, "ಅಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀಯ" ಅಂದರು. ಇಲ್ಲಿ ಯಾರಾದರೂ ಸರಿಯಾಗಿ ಹೇಳಬಹುದು ಅಂತ ಬರೆಯುತ್ತಿದ್ದೇನೆ.

ನಾನು ದಾವಣಗೆರೆಯ ಒಂದು ಬಟ್ಟೆ ಅಂಗಡಿಯಲ್ಲಿ ಹದಿನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಸೀರೆ ವಿಭಾಗ ನನ್ನದು. ಹೊಸ ಹುಡುಗ ಹುಡುಗಿಯರನ್ನು ನೋಡಿ ಕೆಲಸಕ್ಕೆ ತೆಗೆದುಕೊಳ್ಳುವುದೂ ನನ್ನ ಮೇಲೇ ಬಿದ್ದಿದೆ. ಮದುವೆ ಸೀಸನ್ ಬಂತು, ಇನ್ನಿಬ್ಬರು ಬೇಕು ಅಂತ ಅಂಗಡಿ ಮುಂದೆ ಬೋರ್ಡ್ ಹಾಕಿದ್ದೆವು.

ಶನಿವಾರ ಒಬ್ಬ ಹುಡುಗ ಬಂದ. ಇಪ್ಪತ್ತೆರಡು, ಇಪ್ಪತ್ಮೂರು ವಯಸ್ಸಿರಬಹುದು. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಪ್ಲಾಸ್ಟಿಕ್ ಕವರಿನಲ್ಲಿ ಮಾರ್ಕ್ಸ್ ಕಾರ್ಡು. ಬಿ.ಕಾಂ. ಮುಗಿಸಿದ್ದಾನೆ. ಹೆಸರು ಕೇಳಿದೆ. ಅವನು ಬಾಯಿ ತೆಗೆದ ಕೂಡಲೇ ನನಗೆ ಕಂಡಿದ್ದು ಹಲ್ಲು. ಮುಂದಿನ ನಾಲ್ಕೂ ಹಲ್ಲಿನ ಮೇಲೆ ಕಂದು ಪಟ್ಟಿ. ಆಮೇಲೆ ಅವನು ಏನು ಹೇಳಿದ ಅನ್ನೋದು ನನಗೆ ಸರಿಯಾಗಿ ನೆನಪೇ ಇಲ್ಲ. ಎಲ್ಲಿ ಕೆಲಸ ಮಾಡಿದ್ದೆ ಅಂದ, ಏನು ಬರುತ್ತೆ ಅಂದ, ಯಾವುದೂ ಕಿವಿಗೆ ಬೀಳಲಿಲ್ಲ. ನನ್ನ ಮನಸ್ಸು ಆಗಲೇ ತೀರ್ಮಾನ ಮಾಡಿಯಾಗಿತ್ತು.

ಕೊನೆಗೆ ಕೇಳಿಯೇಬಿಟ್ಟೆ. "ನೋಡಪ್ಪಾ, ಗುಟ್ಕಾ ಗಿಟ್ಕಾ ಹಾಕೋ ಅಭ್ಯಾಸ ಇದ್ರೆ ಈಗಲೇ ಹೇಳಿಬಿಡು. ಇಲ್ಲಿ ಎಲ್ಲ ರೇಷ್ಮೆ ಸೀರೆ, ಒಂದು ಹನಿ ಬಿದ್ರೂ ಕಷ್ಟ."

ಅವನು ಸಿಟ್ಟಾಗಲಿಲ್ಲ. "ಇಲ್ರೀ ಮೇಡಂ. ಇಷ್ಟು ವರ್ಷದಾಗ ಒಂದು ಅಡಿಕೆ ಚೂರೂ ಬಾಯಿಗೆ ಹಾಕಿಲ್ಲ. ನಮ್ಮೂರ ನೀರೇ ಹಂಗೈತ್ರಿ" ಅಂದ. ಜಗಳೂರು ಕಡೆಯ ಹಳ್ಳಿಯಂತೆ. ಹೇಳುವಾಗ ಕೈ ತಾನಾಗಿಯೇ ಬಾಯಿಗೆ ಅಡ್ಡ ಹೋಯಿತು. ಆ ಕೈ ನನ್ನ ಕಣ್ಣ ಮುಂದಿನಿಂದ ಹೋಗುತ್ತಲೇ ಇಲ್ಲ. ನಾನು "ಸರಿ, ಫೋನ್ ಮಾಡ್ತೀವಿ" ಅಂದೆ. ಹಾಗಂದರೆ ಏನರ್ಥ ಅಂತ ಅವನಿಗೂ ಗೊತ್ತು. ಮಾರ್ಕ್ಸ್ ಕಾರ್ಡಿನ ಕವರನ್ನು ನಿಧಾನವಾಗಿ ಎರಡು ಮಡಿಕೆ ಮಾಡಿ ಕಂಕುಳಿಗೆ ಇಟ್ಟುಕೊಂಡು ಹೋದ.

ನಾನು ಇಲ್ಲೇ ಹುಟ್ಟಿ, ತುಂಗಭದ್ರೆ ನೀರು ಕುಡಿದು ಬೆಳೆದವಳು. ಜಗಳೂರು ನಮ್ಮದೇ ಜಿಲ್ಲೆ. ಆದರೂ ಅಲ್ಲಿನ ನೀರಿನ ಕಥೆ ನನಗೆ ಗೊತ್ತಿರಲಿಲ್ಲ. ನನ್ನ ಪ್ರಶ್ನೆ ಇಷ್ಟೇ. ನೀರಿಂದ ಹೀಗಾದ ಹಲ್ಲು ಯಾವುದು, ಚಟದಿಂದ ಆದದ್ದು ಯಾವುದು ಅಂತ ನೋಡಿದರೆ ಗೊತ್ತಾಗುತ್ತಾ? ಕಣ್ಣಿಗೆ ಬಿದ್ದದ್ದನ್ನು ಕೇಳುವುದೇ ತಪ್ಪಾ? ಈಗ ಫೋನ್ ಮಾಡಿದರೆ ಕನಿಕರಕ್ಕೆ ಕರೆದರು ಅಂತ ಅವನಿಗೆ ಅನಿಸುತ್ತಾ?

ಜಗಳೂರು ಮೇಷ್ಟ್ರು:

ಅಕ್ಕಾ, ಬರೆದಿದ್ದಕ್ಕೆ ಧನ್ಯವಾದ. ನಾನೂ ಆ ಕಡೆಯವನೇ. ವಯಸ್ಸು ನಲವತ್ತೊಂದು. ನನ್ನ ಹಲ್ಲೂ ಹಾಗೇ ಇದೆ.

ನಮ್ಮಲ್ಲಿ ಕೆರೆ ಬತ್ತಿದ ಮೇಲೆ ಎಲ್ಲರೂ ಬೋರಿನ ನೀರಿಗೆ ಬಿದ್ದರು. ಬೋರು ಆಳಕ್ಕೆ ಹೋದಷ್ಟೂ ನೀರು ಕಲ್ಲಿನ ಜೊತೆ ಜಾಸ್ತಿ ದಿನ ಇರುತ್ತೆ. ಕಲ್ಲಿನಲ್ಲಿರುವ ಫ್ಲೋರೈಡ್ ಅನ್ನೋ ಲವಣ ನೀರಿಗೆ ಇಳಿಯುತ್ತೆ. ಅದು ಜಾಸ್ತಿಯಾದರೆ ಹಲ್ಲಿಗೆ ಹೀಗೆ ಕಲೆ ಬರುತ್ತೆ. ಜಗಳೂರು ಒಂದೇ ಅಲ್ಲ. ಚಳ್ಳಕೆರೆ, ಮೊಳಕಾಲ್ಮೂರು, ಆಚೆ ಪಾವಗಡ, ಎಲ್ಲ ಕಡೆ ಇದೇ ಕಥೆ. ಒಂದು ಲೀಟರ್ ನೀರಿನಲ್ಲಿ ಒಂದು ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲ ಅಂದರೆ ಒಂದೂವರೆ ತನಕ ಪರವಾಗಿಲ್ಲ ಅಂತ ನಮ್ಮ ದೇಶದ ಮಾನದಂಡ. ಚಿಕ್ಕಂದಿನಲ್ಲಿ ನಮ್ಮ ಕೊಡದಲ್ಲಿ ಎಷ್ಟಿತ್ತು ಅಂತ ಅಳೆದವರು ಯಾರು? ನೀರು ತಿಳಿಯಾಗಿತ್ತು, ತಣ್ಣಗಿತ್ತು. ಕುಡಿದೆವು.

ಏಳನೇ ಕ್ಲಾಸಿನ ತನಕ ನನ್ನ ಹಲ್ಲು ಬೇರೆ ಥರ ಇದೆ ಅನ್ನೋದೇ ನನಗೆ ತಿಳಿದಿರಲಿಲ್ಲ. ಯಾಕೆಂದರೆ ಇಡೀ ಕ್ಲಾಸಿನದ್ದೂ ಹಾಗೇ ಇತ್ತು. ಹೈಸ್ಕೂಲಿಗೆ ದಾವಣಗೆರೆ ಹಾಸ್ಟೆಲ್ಲಿಗೆ ಬಂದೆ. ಮೊದಲನೇ ದಿನ ಒಬ್ಬ ಹುಡುಗ "ಏನೋ, ಹಲ್ಲು ಉಜ್ಜಲ್ವಾ?" ಅಂದ. ಅವತ್ತು ರಾತ್ರಿ ಇದ್ದಿಲು ಪುಡಿ ಹಾಕಿ ವಸಡಿನಲ್ಲಿ ರಕ್ತ ಬರೋ ತನಕ ಉಜ್ಜಿದೆ. ಮಾರನೇ ದಿನವೂ ಉಜ್ಜಿದೆ. ನನ್ನ ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ಟಿನ ಫೋಟೋದಿಂದ ಹಿಡಿದು ಮದುವೆ ಫೋಟೋ ತನಕ ಒಂದರಲ್ಲೂ ನನ್ನ ಬಾಯಿ ತೆರೆದಿಲ್ಲ. ನೀವು ಬರೆದಿರಲ್ಲ, ಕೈ ತಾನಾಗಿಯೇ ಬಾಯಿಗೆ ಅಡ್ಡ ಹೋಯಿತು ಅಂತ. ಅದನ್ನು ಯಾರೂ ಕಲಿಸಲ್ಲ ಅಕ್ಕಾ. ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳಿಸಿಕೊಂಡ ಮೇಲೆ ಕೈಯೇ ಕಲಿತುಬಿಡುತ್ತೆ.

ಕೇಳುವುದು ತಪ್ಪಾ ಅಂದಿರಿ. ನನ್ನ ಮಟ್ಟಿಗೆ ತಪ್ಪಲ್ಲ. "ಹಲ್ಲು ಯಾಕೆ ಹೀಗಾಯ್ತು?" ಅಂತ ಯಾರಾದರೂ ಕೇಳಿದರೆ ಸಮಾಧಾನವಾಗಿ ಕೂತು ನೀರಿನ ಕಥೆ ಹೇಳುತ್ತೇನೆ. ನೀವು ಕೇಳಿದ್ದು ಅದನ್ನಲ್ಲ. ಉತ್ತರ ನಿಮ್ಮ ಕೈಯಲ್ಲೇ ಇಟ್ಟುಕೊಂಡು ಅವನನ್ನು ಒಪ್ಪಿಕೋ ಅಂದಿರಿ. ಬೇಜಾರಾಗಬೇಡಿ, ನಿಮ್ಮ ಮೇಲೆ ಸಿಟ್ಟಿಲ್ಲ.

ಫೋನ್ ಮಾಡಿ. ಇವತ್ತೇ ಮಾಡಿ.

ಮಂಡಿಪೇಟೆ ವ್ಯಾಪಾರಿ:

ನಾನು ಬೇರೆ ಮಾತು ಹೇಳುತ್ತೇನೆ, ದಯವಿಟ್ಟು ಕೆಟ್ಟದಾಗಿ ತಿಳಿಯಬೇಡಿ. ಮೂವತ್ತು ವರ್ಷದಿಂದ ಅಂಗಡಿ ನಡೆಸುತ್ತಿದ್ದೇನೆ. ಗಿರಾಕಿ ಒಳಗೆ ಬಂದಾಗ ಮೊದಲು ಕಾಣೋದು ಎದುರಿಗೆ ನಿಂತವನ ಮುಖ. ಒಂದು ಗಳಿಗೆಯಲ್ಲಿ ಇಲ್ಲಿ ತಗೋಬೇಕಾ ಬೇಡವಾ ಅಂತ ಅವರ ಮನಸ್ಸಿನಲ್ಲಿ ಆಗಿಹೋಗುತ್ತೆ. ಹಲ್ಲು ಹಾಗಿದ್ದರೆ ಅವರೂ ಗುಟ್ಕಾ ಅಂತಲೇ ಅಂದುಕೊಳ್ಳುತ್ತಾರೆ. ಆ ಹುಡುಗನ ತಪ್ಪು ಏನೂ ಇಲ್ಲ, ಒಪ್ಪುತ್ತೇನೆ. ಆದರೆ ಬಂದವರಿಗೆಲ್ಲ ಇದು ನೀರಿನಿಂದ ಆಗಿದ್ದು ಅಂತ ಹೇಳುತ್ತಾ ಕೂರೋಕಾಗುತ್ತಾ? ಗೋಡೌನಿನಲ್ಲೋ, ಲೆಕ್ಕ ಬರೆಯೋ ಕಡೆಯೋ ಕೆಲಸ ಕೊಡಬಹುದು. ಬಿ.ಕಾಂ. ಓದಿದ್ದಾನಲ್ಲ.

ಚಳ್ಳಕೆರೆ ಶೇಂಗಾ:

ವ್ಯಾಪಾರಿ ಅಣ್ಣಾ, ಒಂದು ಮಾತು. ದಾವಣಗೆರೆಗೆ ಮದುವೆ ಜವಳಿ ತಗೊಳ್ಳೋಕೆ ಬರೋರು ಯಾರು? ಜಗಳೂರಿನವರು, ಚಳ್ಳಕೆರೆಯವರು, ದುರ್ಗದ ಹಳ್ಳಿಗಳವರು. ನಾವೇ. ಹಿಂದಿನ ವರ್ಷ ನಮ್ಮ ಅಕ್ಕನ ಮಗಳ ಮದುವೆಗೆ ಟಾಟಾ ಏಸ್ ಮಾಡಿಕೊಂಡು ಹನ್ನೊಂದು ಜನ ಬಂದಿದ್ವಿ. ಹನ್ನೊಂದರಲ್ಲಿ ಏಳು ಜನರ ಹಲ್ಲು ಆ ಹುಡುಗನ ಥರಾನೇ ಇತ್ತು. ಅರವತ್ತು ಸಾವಿರದ ಜವಳಿ ತಗೊಂಡ್ವಿ. ದುಡ್ಡು ಎಣಿಸಿಕೊಳ್ಳುವಾಗ ಯಾರೂ ನಮ್ಮ ಹಲ್ಲು ನೋಡಲಿಲ್ಲ.

ನಮ್ಮ ಹಲ್ಲಿನವನೇ ಒಬ್ಬ ಎದುರಿಗೆ ನಿಂತು "ಬರ್ರಿ ಯಜಮಾನ್ರೇ, ಯಾವ ಊರ ಕಡೆಯವರು?" ಅಂದಿದ್ದರೆ ನಾವು ಇನ್ನೊಂದು ಸೀರೆ ಜಾಸ್ತಿ ತಗೊಳ್ತಿದ್ವೇನೋ. ನಮ್ಮೂರ ಹೆಣ್ಣುಮಕ್ಕಳು ದೊಡ್ಡ ಅಂಗಡಿಗೆ ಹೋದರೆ ಬಾಯಿ ಬಿಟ್ಟು "ಇದಕ್ಕಿಂತ ಕಮ್ಮಿದು ತೋರಿಸ್ರಿ" ಅನ್ನೋಕೂ ಹಿಂಜರಿಯುತ್ತಾರೆ. ಸೆರಗು ಬಾಯಿಗೆ ಅಡ್ಡ ಹಿಡಿದೇ ಮಾತಾಡೋದು.

ಹಲ್ಲಿನ ಕಾಲೇಜು, ಕೊನೇ ವರ್ಷ:

ನಾನು ದಾವಣಗೆರೆಯಲ್ಲೇ ಬಿ.ಡಿ.ಎಸ್. ಓದುತ್ತಿದ್ದೇನೆ. ಅಕ್ಕ ಕೇಳಿದ ಮೊದಲನೇ ಪ್ರಶ್ನೆಗೆ ಉತ್ತರ ಹೇಳುತ್ತೇನೆ.

ನೋಡಿದರೆ ಬಹಳಷ್ಟು ಸಲ ಗೊತ್ತಾಗುತ್ತೆ. ಫ್ಲೋರೈಡಿನ ಕಲೆ ಹಲ್ಲಿನ ಅಡ್ಡಕ್ಕೆ ಪಟ್ಟಿ ಪಟ್ಟಿಯಾಗಿ ಇರುತ್ತೆ. ಎಡಗಡೆ ಹಲ್ಲಿನಲ್ಲಿ ಎಲ್ಲಿ ಇದೆಯೋ ಬಲಗಡೆಯ ಜೋಡಿ ಹಲ್ಲಿನಲ್ಲೂ ಹೆಚ್ಚುಕಡಿಮೆ ಅಲ್ಲೇ ಇರುತ್ತೆ. ಪಕ್ಕದಲ್ಲಿ ಸುಣ್ಣದ ಥರ ಬಿಳಿ ಮಚ್ಚೆಯೂ ಕಾಣಬಹುದು. ತಂಬಾಕು, ಗುಟ್ಕಾ, ಎಲೆ ಅಡಿಕೆಯ ಕಲೆ ಹಾಗಲ್ಲ. ಅದು ಮೇಲೆ ಅಂಟಿಕೊಂಡಿದ್ದು. ವಸಡಿನ ಅಂಚಿನಲ್ಲಿ, ಹಲ್ಲುಗಳ ಸಂದಿಯಲ್ಲಿ, ಒಳಗೆ ನಾಲಿಗೆ ತಾಗುವ ಕಡೆ ಜಾಸ್ತಿ. ಕ್ಲೀನಿಂಗ್ ಮಾಡಿದರೆ ಬಹುಪಾಲು ಹೋಗುತ್ತೆ. ಫ್ಲೋರೈಡಿನದ್ದು ಹಲ್ಲಿನ ಹೊರ ಪದರದ ಒಳಗೇ ಇರುವುದರಿಂದ ಎಷ್ಟು ಉಜ್ಜಿದರೂ, ಕ್ಲೀನಿಂಗ್ ಮಾಡಿಸಿದರೂ ಹೋಗಲ್ಲ. ಮೇಷ್ಟ್ರು ಇದ್ದಿಲಿನಲ್ಲಿ ಉಜ್ಜಿದ್ದು ಓದಿ ತುಂಬಾ ಸಂಕಟವಾಯಿತು. ನಮ್ಮ ಒ.ಪಿ.ಡಿ.ಗೆ ಈಗಲೂ ಹಾಗೆ ಉಜ್ಜಿ ಉಜ್ಜಿ ಹಲ್ಲು ಸವೆಸಿಕೊಂಡು ಬರುವ ಮಕ್ಕಳಿದ್ದಾರೆ.

ಇನ್ನೊಂದು ಮುಖ್ಯ ವಿಷಯ. ಈ ಕಲೆ ಬರುವುದು ಹಲ್ಲು ವಸಡಿನ ಒಳಗೆ ಇನ್ನೂ ತಯಾರಾಗುತ್ತಿರುವಾಗ. ಅಂದರೆ ಹುಟ್ಟಿದಾಗಿನಿಂದ ಎಂಟು ವರ್ಷದೊಳಗೆ ಕುಡಿದ ನೀರಿನಿಂದ. ದೊಡ್ಡವರಾದ ಮೇಲೆ ಅದೇ ನೀರು ಕುಡಿದರೆ ಹೊಸದಾಗಿ ಹಲ್ಲಿಗೆ ಕಲೆ ಬರಲ್ಲ. ಹಾಗಾಗಿ ಆ ಹುಡುಗನ ಹಲ್ಲಿನಲ್ಲಿ ಅಕ್ಕ ನೋಡಿದ್ದು ಅವನು ಮಗುವಾಗಿದ್ದಾಗ ಕುಡಿದ ನೀರು. ಈಗಿನ ಅವನ ಯಾವ ಅಭ್ಯಾಸವೂ ಅಲ್ಲ.

ನಮ್ಮ ದೇಶದಲ್ಲಿ ಈ ತೊಂದರೆಯನ್ನು ಮೊದಲು ಗುರುತಿಸಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಅಷ್ಟು ಹಳೆಯದು. ಫ್ಲೋರೋಸಿಸ್, ಅಂದರೆ ಫ್ಲೋರೈಡಿನಿಂದ ಬರುವ ಈ ತೊಂದರೆ, ತಡೆಯೋಕೆ ಅಂತ ಕೇಂದ್ರ ಸರ್ಕಾರದ ಕಾರ್ಯಕ್ರಮ ಶುರುವಾಗಿದ್ದು 2008-09ರಲ್ಲಿ.

ಮಂಡಿಪೇಟೆ ವ್ಯಾಪಾರಿ:

ಚಳ್ಳಕೆರೆಯವರು ಹೇಳಿದ್ದು ಯೋಚನೆ ಮಾಡಬೇಕಾದ ಮಾತು. ನಾನು ಆ ಕಡೆಯಿಂದ ನೋಡಿರಲಿಲ್ಲ. ಆದರೂ ಕೆಲಸಕ್ಕೆ ತಗೊಳ್ಳುವವರ ಕಷ್ಟವೂ ಇದೆ. ಒಂದು ದಿನಕ್ಕೆ ಹತ್ತು ಜನ ಬರುತ್ತಾರೆ. ಒಬ್ಬೊಬ್ಬರ ಊರು, ನೀರು ಎಲ್ಲ ವಿಚಾರಿಸೋಕೆ ಟೈಮ್ ಎಲ್ಲಿದೆ? ಕಣ್ಣಿಗೆ ಕಂಡಿದ್ದರ ಮೇಲೆ ನಡೆಯಲೇಬೇಕಾಗುತ್ತೆ.

ಪಿ.ಯು. ಲೆಕ್ಚರರ್:

ನಾನು ಮನಶ್ಶಾಸ್ತ್ರ ಪಾಠ ಮಾಡುತ್ತೇನೆ. ಕ್ಲಾಸಿನಲ್ಲಿ ಹೇಳುವ ಒಂದು ಪ್ರಯೋಗ ಇಲ್ಲಿ ಹೇಳುತ್ತೇನೆ.

2006ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಜನೀನ್ ವಿಲ್ಲಿಸ್ ಮತ್ತು ಅಲೆಕ್ಸಾಂಡರ್ ಟೊಡೊರೊವ್ ಅನ್ನುವವರು ಜನರಿಗೆ ಗುರುತಿಲ್ಲದ ಮುಖಗಳನ್ನು ತೋರಿಸಿದರು. ಕೆಲವು ಮುಖ ಸೆಕೆಂಡಿನ ಹತ್ತನೇ ಒಂದು ಭಾಗ ಮಾತ್ರ, ಕೆಲವು ಅರ್ಧ ಸೆಕೆಂಡು, ಕೆಲವು ಒಂದು ಸೆಕೆಂಡು. ಇವರನ್ನು ನಂಬಬಹುದಾ, ಇವರು ಕೆಲಸಕ್ಕೆ ಗಟ್ಟಿಯಾ ಅಂತೆಲ್ಲ ಕೇಳಿದರು. ಹತ್ತನೇ ಒಂದು ಭಾಗದಲ್ಲಿ ಹೇಳಿದ ಉತ್ತರವೂ ಎಷ್ಟು ಹೊತ್ತು ಬೇಕಾದರೂ ನೋಡಿ ಹೇಳಿದ ಉತ್ತರವೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಜಾಸ್ತಿ ಹೊತ್ತು ನೋಡಿದಾಗ ಮುಖ್ಯವಾಗಿ ಜಾಸ್ತಿಯಾಗಿದ್ದು ಒಂದು. ನಾನು ಹೇಳಿದ್ದೇ ಸರಿ ಅನ್ನುವ ಧೈರ್ಯ.

ಸೀರೆ ಅಂಗಡಿ ಅಕ್ಕ ಐದು ನಿಮಿಷ ಅವನ ಎದುರಿಗೆ ಕೂತಿದ್ದರು. ಆ ಐದು ನಿಮಿಷ ಹೊಸದೇನೂ ತಂದುಕೊಡಲಿಲ್ಲ. ಮೊದಲನೇ ಕ್ಷಣದಲ್ಲಿ ಅಂದುಕೊಂಡದ್ದೇ ಗಟ್ಟಿಯಾಗುತ್ತಾ ಹೋಯಿತು. ಅವರೊಬ್ಬರ ದೋಷ ಅಲ್ಲ ಇದು. ನನಗೂ ಹೀಗೇ ಆಗುತ್ತೆ. ಹಿಂದಿನ ಬೆಂಚಿನಲ್ಲಿ ಕೂತ, ಶರ್ಟಿನ ಮೇಲಿನ ಗುಂಡಿ ಬಿಚ್ಚಿಕೊಂಡ ಹುಡುಗನನ್ನು ನೋಡಿದ ಕೂಡಲೇ ಓದಲ್ಲ ಅಂತ ಮನಸ್ಸು ಹೇಳಿಬಿಡುತ್ತೆ. ಅದಕ್ಕೇ ಈಗ ಉತ್ತರ ಪತ್ರಿಕೆ ನೋಡುವಾಗ ಹೆಸರಿರುವ ಮೂಲೆಯನ್ನು ಮಡಚಿಟ್ಟು ನೋಡುತ್ತೇನೆ.

ವ್ಯಾಪಾರಿ ಅವರೇ, ಟೈಮ್ ಇಲ್ಲ ಅಂದಿರಿ. ಬಂದ ಹತ್ತೂ ಜನಕ್ಕೆ ಒಂದೇ ಕೆಲಸ ಕೊಟ್ಟು ನೋಡಿ. ಐದು ಸೀರೆ ಬಿಚ್ಚಿ ತೋರಿಸಿ ಮತ್ತೆ ಮಡಿಸಲಿ. ಒಂದು ಬಿಲ್ ಕೂಡಲಿ. ಮುಖ ನೋಡಿ ತೀರ್ಮಾನ ಮಾಡೋದಕ್ಕಿಂತ ಜಾಸ್ತಿ ಹೊತ್ತು ಹಿಡಿಯಲ್ಲ.

ಕೋಟೆ ಕೆಳಗಿನ ಮನೆ:

ನಾನು ಚಿತ್ರದುರ್ಗದವಳು. ಹಲ್ಲಿನ ವಿಷಯ ಅಲ್ಲ ನನ್ನದು, ಚರ್ಮದ್ದು. ಎಂಟು ವರ್ಷದಿಂದ ತೊನ್ನು ಇದೆ. ಮೊದಲು ಬೆರಳ ತುದಿ, ಆಮೇಲೆ ಮೊಣಕೈ, ಈಗ ತುಟಿಯ ಪಕ್ಕ.

ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಕೊನೆಗೆ ತುಂಬುತ್ತೆ. ಹೊಳಲ್ಕೆರೆಗೆ ದಿನಾ ಓಡಾಡುತ್ತೇನೆ, ಹಾಗಾಗಿ ಇದು ನನ್ನ ಊಹೆ ಅಲ್ಲ. ನಿಂತುಕೊಂಡೇ ಹೋದರೂ ಪರವಾಗಿಲ್ಲ ಅಂತ ನಿಂತಿರುತ್ತಾರೆ. ಇದು ಅಂಟುರೋಗ ಅಲ್ಲ. ಕುಷ್ಠಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಚರ್ಮಕ್ಕೆ ಬಣ್ಣ ಕೊಡುವ ಕಣಗಳನ್ನು ನಮ್ಮ ಮೈಯೇ ಹೊರಗಿನದ್ದು ಅಂತ ತಪ್ಪು ತಿಳಿದು ನಾಶ ಮಾಡುತ್ತೆ. ಅಷ್ಟೇ. ಕೈ ಕುಲುಕಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಬಟ್ಟೆ ಹಾಕಿಕೊಂಡರೆ ಬರಲ್ಲ. ಮೀನು ತಿಂದು ಹಾಲು ಕುಡಿದರೆ ಬರುತ್ತೆ ಅನ್ನೋದೂ ಸುಳ್ಳು.

ಒಂದು ಸಲ ಬಸ್ಸಿನಲ್ಲಿ ನಾಲ್ಕೈದು ವರ್ಷದ ಹುಡುಗಿ ನನ್ನ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ ಬೆರಳಿನಿಂದ ಮುಟ್ಟಿ "ಆಂಟಿ, ಸುಣ್ಣ ಹತ್ತಿದೆಯಾ?" ಅಂದಳು. ನನಗೆ ಒಂದು ಚೂರೂ ಬೇಜಾರಾಗಲಿಲ್ಲ. "ಇಲ್ಲ ಪುಟ್ಟಾ, ನನ್ನ ಚರ್ಮದ ಬಣ್ಣ ಹೋಗಿದೆ" ಅನ್ನೋ ಹೊತ್ತಿಗೆ ಅವಳ ಅಮ್ಮ ಮಗುವಿನ ತೊಡೆ ಜಿಗುಟಿ ಕೈಯನ್ನು ಎಳೆದುಕೊಂಡಳು. ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಮಗುವಿನ ಬೆರಳು ತೊಳೆದಳು. ನನ್ನ ಎದುರಿಗೇ. ಕಿಟಕಿಯ ಹೊರಗೆ ಕೈ ಹಿಡಿಸಿ, ಒಂದೊಂದೇ ಬೆರಳು. ಮಗು ಅಳುತ್ತಿತ್ತು. ಆ ಮಗುವಿಗೆ ಅವತ್ತು ಏನು ಪಾಠವಾಯಿತು ಅಂತ ಇವತ್ತಿಗೂ ಯೋಚಿಸುತ್ತೇನೆ.

ಮೇಷ್ಟ್ರೇ, ನೀವು ಕೇಳಿ ಅಂದಿರಿ. ನಾನು ಅರ್ಧ ಒಪ್ಪುತ್ತೇನೆ. ಮಕ್ಕಳು ಕೇಳಲಿ. ಪರಿಚಯ ಇದ್ದವರು ಕೇಳಲಿ. ಆದರೆ ನನ್ನ ಹೆಸರೂ ಗೊತ್ತಿಲ್ಲದವರು ಸಂತೆಯಲ್ಲಿ ತಡೆದು "ಯಾವಾಗಿನಿಂದ ಇದೆ? ಮದುವೆಗೆ ಮುಂಚೇನಾ?" ಅಂದರೆ ನಾನು ಉತ್ತರ ಕೊಡಲ್ಲ. ದಿನಕ್ಕೆ ನಾಲ್ಕು ಜನಕ್ಕೆ ನನ್ನ ಮೈಯ ವಿವರ ಕೊಡುತ್ತಾ ಹೋಗಲಾರೆ.

ಬ್ಯಾಂಕಿನ ಕೌಂಟರ್ ಮೂರು:

ನನ್ನ ಎತ್ತರ ನಾಲ್ಕು ಅಡಿ. ವಯಸ್ಸು ಮೂವತ್ತಾರು. ದಾವಣಗೆರೆಯ ಒಂದು ಬ್ಯಾಂಕಿನಲ್ಲಿ ಕೆಲಸ. ನನಗೆ ಯಾರೂ ಏನೂ ಕೇಳುವುದು ಬೇಡ. ನನಗೆ ಬೇಕಾಗಿರುವುದು ಬಹುವಚನ.

ಗಡ್ಡ ಮೀಸೆ ಇದ್ದರೂ ಜನ ನನ್ನನ್ನು ನೋಡಿದ ಕೂಡಲೇ "ಏನೋ, ನಿಮ್ಮ ಸಾಹೇಬ್ರು ಎಲ್ಲೋ?" ಅನ್ನುತ್ತಾರೆ. ನನಗಿಂತ ಹತ್ತು ವರ್ಷ ಚಿಕ್ಕವರೂ ಹಾಗೇ. ಅವರಿಗೆ ಕೆಟ್ಟ ಮನಸ್ಸಿರಲ್ಲ. ಎತ್ತರ ನೋಡಿದ ಕೂಡಲೇ ಬಾಯಿಗೆ ಏಕವಚನ ಬಂದುಬಿಡುತ್ತೆ. ಒಂದು ಸಂಜೆ ನಾನು, ನನ್ನ ಹೆಂಡತಿ ದೋಸೆ ತಿನ್ನೋಕೆ ಹೋಗಿದ್ವಿ. ಆರ್ಡರ್ ತಗೊಳ್ಳೋ ಹುಡುಗ ನನ್ನ ಹೆಂಡತಿಯನ್ನು ಕೇಳಿದ. "ಮೇಡಂ ನಿಮಗೆ ಬೆಣ್ಣೆ ದೋಸೆ. ಇವನಿಗೇನು ಕೊಡ್ಲಿ, ಖಾಲಿ ದೋಸೆ ಸಾಕಾ?" ನನ್ನ ಹೆಂಡತಿ ಜೋರು ಮಾಡಲಿಲ್ಲ. "ನಮ್ಮ ಯಜಮಾನ್ರನ್ನೇ ಕೇಳಿ" ಅಂದಳು. ಆ ಹುಡುಗನ ಮುಖ ಬಿಳಿಚಿಕೊಂಡಿತು. "ಸಾರಿ ಸರ್, ಏನ್ ತಗೋತೀರಿ?" ಅಂದ. ಆ "ತಗೋತೀರಿ" ಅನ್ನೋ ಒಂದು ಮಾತಿಗೆ ನನಗೆ ಹೊಟ್ಟೆ ತುಂಬಿತು. ಆಮೇಲೆ ನಾವು ಅಲ್ಲಿಗೆ ಎಷ್ಟೋ ಸಲ ಹೋಗಿದ್ದೇವೆ. ಈಗ ಆ ಹುಡುಗ ನೋಡಿದ ಕೂಡಲೇ "ಬನ್ನಿ ಸರ್" ಅನ್ನುತ್ತಾನೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯನ್ನು ಸೇರಿಸಿದ್ದಾರೆ. ಕುಬ್ಜತೆಯೂ ಅದರಲ್ಲಿದೆ, ಆಸಿಡ್ ದಾಳಿಗೆ ಸಿಕ್ಕವರೂ ಇದ್ದಾರೆ. ಅಂಗವಿಕಲರನ್ನು ನಾಲ್ಕು ಜನರೆದುರು ಬೇಕಂತಲೇ ಅವಮಾನ ಮಾಡಿದರೆ ಆರು ತಿಂಗಳಿಂದ ಐದು ವರ್ಷದ ತನಕ ಜೈಲು ಅಂತಲೂ ಇದೆ. ಆದರೆ "ಇವನಿಗೆ" ಅನ್ನೋ ಮಾತಿಗೆ ನಾನು ಯಾವ ಪೊಲೀಸ್ ಸ್ಟೇಷನ್ನಿಗೆ ಹೋಗಲಿ? ಅದು ಬಾಯಿಗೆ ರೂಢಿಯಾಗಬೇಕು. ಗೊತ್ತಿಲ್ಲದವರು ಯಾರೇ ಆಗಲಿ, ಮೊದಲು "ನೀವು" ಅಂದುಬಿಡಿ. ವಯಸ್ಸು ಆಮೇಲೆ ತಿಳಿಯಲಿ.

ಸೀರೆ ಅಂಗಡಿ ಅಕ್ಕ:

ಕೌಂಟರ್ ಮೂರು ಸರ್, ನಿಮ್ಮದು ಓದಿದ ಮೇಲೆ ಒಂದು ಹೊಳೆಯಿತು. ನಾನು ಆ ಹುಡುಗನಿಗೆ "ನೋಡಪ್ಪಾ, ಹೇಳಿಬಿಡು" ಅಂದೆ. ಅವನಿಗಿಂತ ಮುಂಚೆ ಬಂದವಳು ಚೂಡಿದಾರ್ ಹಾಕಿಕೊಂಡು ಬೆಳ್ಳಗೆ ಇದ್ದ ಹುಡುಗಿ. ಅದೇ ವಯಸ್ಸು. ಅವಳಿಗೆ "ಎಲ್ಲಿ ಓದಿದ್ದು ನೀವು?" ಅಂದಿದ್ದೆ. ಇಬ್ಬರಿಗೂ ನಾನು ಹೇಗೆ ಮಾತಾಡಿದೆ ಅಂತ ಈಗ ನೆನಪಾಗುತ್ತಿದೆ. ಮುಖ ನೋಡಿ ಮಣೆ ಹಾಕೋದು ಅಂದರೆ ಇದೇ ಅಲ್ವಾ.

ಹಳೇ ಪೇಟೆ ತಾತ:

ನನಗೆ ಅರವತ್ತೆಂಟು. ಮೂರನೇ ವರ್ಷಕ್ಕೆ ಪೋಲಿಯೋ ಬಂದು ಎಡಗಾಲು ಹೋಯಿತು. ನಮ್ಮ ಕಾಲದಲ್ಲಿ ಊರೂರಿಗೂ ನನ್ನಂಥವರು ಇದ್ದರು. ಈಗಿನ ಹುಡುಗರು ನೋಡಿಯೇ ಇರಲ್ಲ. 2014ರ ಮಾರ್ಚಿನಲ್ಲಿ ನಮ್ಮ ದೇಶ ಪೋಲಿಯೋ ಮುಕ್ತ ಅಂತ ಸರ್ಟಿಫಿಕೇಟ್ ಸಿಕ್ಕಿತು. ಆ ದಿನ ಪೇಪರು ಓದಿ ಅತ್ತಿದ್ದೆ.

ಊರಿನಲ್ಲಿ ನನ್ನ ಹೆಸರಿನ ಹಿಂದೆ "ಕುಂಟ" ಅಂತ ಸೇರಿಸಿಯೇ ಕರೆಯುತ್ತಿದ್ದರು. ನಮ್ಮ ಓಣಿಯಲ್ಲಿ ಮೆಳ್ಳಗಣ್ಣಿನವನೊಬ್ಬ, ಕರಿಯ ಒಬ್ಬ, ಉಬ್ಬುಹಲ್ಲಿನ ಅಕ್ಕ ಒಬ್ಬಳು. ಎಲ್ಲರಿಗೂ ಹಾಗೇ ಹೆಸರು. ಬೈಗುಳ ಅಂತ ಅಲ್ಲ, ಗುರುತಿಗೆ ಅಂತ ಹೇಳುತ್ತಿದ್ದರು. ಅವರು ನನ್ನನ್ನು ಹೊಲಕ್ಕೂ ಎತ್ತಿಕೊಂಡು ಹೋಗಿದ್ದಾರೆ, ಜಾತ್ರೆಗೂ ಹೆಗಲ ಮೇಲೆ ಕೂರಿಸಿಕೊಂಡು ಹೋಗಿದ್ದಾರೆ. ಪ್ರೀತಿ ಇತ್ತು. ಆದರೂ ಹೇಳುತ್ತೇನೆ, ಆ ಹೆಸರು ನನಗೆ ಒಂದು ದಿನವೂ ಇಷ್ಟವಾಗಿರಲಿಲ್ಲ. ಇಷ್ಟವಾ ಅಂತ ಯಾರೂ ಕೇಳಲೂ ಇಲ್ಲ. ನನ್ನ ಹೆಂಡತಿ ಮದುವೆಯಾಗಿ ಬಂದ ದಿನ ಬರೀ ನನ್ನ ಹೆಸರು ಹೇಳಿ ಒಗಟು ಹಾಕಿದಳು. ಬರೀ ಹೆಸರು. ಅದನ್ನು ಕೇಳಿದ್ದು ಅವತ್ತೇ ಮೊದಲು ಅನಿಸಿತು.

ಚನ್ನಗಿರಿ ತೋಟ:

ನಮ್ಮದು ಅಡಿಕೆ ಸೀಮೆ. ನಮ್ಮ ಅಜ್ಜ ಎಲೆ ಅಡಿಕೆ ಹಾಕಿ ಹಾಕಿ ಬಾಯೆಲ್ಲ ಕೆಂಪು, ಹಲ್ಲೆಲ್ಲ ಕಪ್ಪು. ಅಜ್ಜನ ಹಲ್ಲು ನೋಡಿ ಯಾರೂ ಒಂದು ಮಾತು ಅಂದಿಲ್ಲ. "ಯಜಮಾನ್ರು" ಅಂತ ಜಗಲಿ ಮೇಲೆ ಕೂರಿಸುತ್ತಿದ್ದರು. ಅಜ್ಜನದ್ದು ನಿಜವಾಗಲೂ ಚಟ. ಆ ಹುಡುಗನಿಗೆ ಚಟ ಇಲ್ಲ. ಕಲೆ ಒಂದೇ ಥರ ಕಂಡರೂ ಯಾರ ಬಾಯಲ್ಲಿದೆ ಅನ್ನೋದರ ಮೇಲೆ ನಮ್ಮ ಮಾತು ಬದಲಾಗುತ್ತೆ. ಬಡವರ ಮನೆ ಹುಡುಗ ಅಂತ ಗೊತ್ತಾದರೆ ಬೇಗ ಅನುಮಾನ.

ಜಗಳೂರು ಮೇಷ್ಟ್ರು:

ತೋಟದವರು ಹೇಳಿದ್ದು ಸತ್ಯ.

ಇನ್ನೊಂದು ಹೇಳಬೇಕು. ಹಲ್ಲು ಕಾಣುತ್ತೆ, ಅದಕ್ಕೆ ಎಲ್ಲರೂ ಅದನ್ನೇ ಹೇಳುತ್ತಾರೆ. ನಮ್ಮ ಅಪ್ಪನಿಗೆ ಆ ಫ್ಲೋರೈಡ್ ಮೂಳೆಗೂ ಇಳಿದಿದೆ. ಐವತ್ತು ದಾಟುವ ಹೊತ್ತಿಗೆ ಕತ್ತು ತಿರುಗದು, ಸೊಂಟ ಬಗ್ಗದು. ಕೆಳಗೆ ಬಿದ್ದ ಬೀಡಿ ಕಟ್ಟು ಎತ್ತಿಕೊಳ್ಳೋಕೂ ಗೋಡೆ ಹಿಡಿಯಬೇಕು. ಕೂಲಿಗೆ ಕರೆಯುವವರು "ಸೋಮಾರಿ, ಬಗ್ಗಿ ಕೆಲಸ ಮಾಡಲ್ಲ" ಅಂತ ಬಿಟ್ಟರು. ಇಡೀ ಆಯುಷ್ಯ ಕಲ್ಲು ಹೊಲ ಉತ್ತ ಮನುಷ್ಯನಿಗೆ ಸೋಮಾರಿ ಅಂದರು. ಆರೋಗ್ಯ ಇಲಾಖೆಯವರು ಒಮ್ಮೆ ಊರಿಗೆ ಬಂದು ಮೂರು ಪರೀಕ್ಷೆ ಮಾಡಿಸಿದರು. ಮಂಡಿ ಮಡಿಸದೆ ಬಗ್ಗಿ ಕಾಲ್ಬೆರಳು ಮುಟ್ಟಿ, ಗದ್ದ ಎದೆಗೆ ತಾಗಿಸಿ, ಎರಡೂ ಕೈ ತಲೆಯ ಹಿಂದಕ್ಕೆ ತಗೊಂಡು ಹೋಗಿ ಅಂತ. ನಮ್ಮಪ್ಪನಿಗೆ ಮೂರೂ ಆಗಲಿಲ್ಲ. ವಾಪಸ್ ಬಂದು ಕಟ್ಟೆ ಮೇಲೆ ಕೂತು "ಹಂಗಾರ ನಾನು ಮೈಗಳ್ಳ ಅಲ್ಲ ಬಿಡು" ಅಂದರು.

ಎರಡು ಮಕ್ಕಳ ತಾಯಿ, ಮೊಳಕಾಲ್ಮೂರು:

ಹಲ್ಲಿನ ಕಾಲೇಜಿನ ತಂಗೀ, ನನಗೆ ಮೂರು ವರ್ಷದ ಮಗ, ಎಂಟು ತಿಂಗಳ ಮಗಳು. ನಮ್ಮೂರಿನ ಫಿಲ್ಟರ್ ನೀರಿನ ಘಟಕ ಕೆಟ್ಟು ಎರಡು ತಿಂಗಳಾಯಿತು. ಬೋರಿನ ನೀರನ್ನೇ ಚೆನ್ನಾಗಿ ಕುದಿಸಿ ಆರಿಸಿ ಕೊಡುತ್ತಿದ್ದೇನೆ. ಸಾಕಲ್ವಾ?

ಹಲ್ಲಿನ ಕಾಲೇಜು, ಕೊನೇ ವರ್ಷ:

ಅಕ್ಕಾ, ದಯವಿಟ್ಟು ಗಮನ ಕೊಟ್ಟು ಓದಿ. ಕುದಿಸಿದರೆ ಕ್ರಿಮಿ ಸಾಯುತ್ತೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾಗಿ ಕಮ್ಮಿಯಾಗುವುದರಿಂದ ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನೂ ಸ್ವಲ್ಪ ಜಾಸ್ತಿಯೇ ಆಗುತ್ತೆ. ನಿಮ್ಮ ಇಬ್ಬರೂ ಮಕ್ಕಳು ಹಲ್ಲು ತಯಾರಾಗುವ ವಯಸ್ಸಿನಲ್ಲೇ ಇದ್ದಾರೆ. ಈ ಕೆಲವು ವರ್ಷ ನೀರಿನ ಬಗ್ಗೆ ಎಚ್ಚರವಾಗಿದ್ದರೆ ಮುಂದೆ ಬರುವ ಹಲ್ಲು ಚೆನ್ನಾಗಿರುತ್ತೆ.

ಪಕ್ಕದೂರಿನ ಘಟಕದಿಂದಾದರೂ ಒಂದು ಕ್ಯಾನ್ ತರಿಸಿ. ಸ್ನಾನಕ್ಕೆ, ಬಟ್ಟೆಗೆ ಬೋರಿನ ನೀರು ಪರವಾಗಿಲ್ಲ. ಕುಡಿಯೋಕೆ ಮತ್ತು ಅಡುಗೆಗೆ ಮಾತ್ರ ಒಳ್ಳೇ ನೀರು ಬಳಸಿ. ಅನ್ನ, ಸಾರಿನ ನೀರನ್ನು ಎಲ್ಲರೂ ಮರೆಯುತ್ತಾರೆ. ಮಳೆ ನೀರನ್ನು ಶುಭ್ರವಾಗಿ ಹಿಡಿದಿಟ್ಟುಕೊಳ್ಳೋಕಾದರೆ ಅದರಲ್ಲಿ ಫ್ಲೋರೈಡ್ ಬಹಳ ಕಮ್ಮಿ. ಮಕ್ಕಳಿಗೆ ಹಾಲು, ಮೊಸರು, ರಾಗಿ, ನುಗ್ಗೆಸೊಪ್ಪು, ನೆಲ್ಲಿಕಾಯಿ ಕೊಡಿ. ಕ್ಯಾಲ್ಸಿಯಂ, ವಿಟಮಿನ್ ಸಿ ಇದ್ದರೆ ಸಹಾಯವಾಗುತ್ತೆ. ಚಿಕ್ಕ ಮಕ್ಕಳಿಗೆ ಟೀ ಬೇಡವೇ ಬೇಡ, ಟೀ ಎಲೆಯಲ್ಲೂ ಫ್ಲೋರೈಡ್ ಇದೆ. ಮಗಳಿಗೆ ಎದೆ ಹಾಲು ಕುಡಿಸುತ್ತಿದ್ದರೆ ಮುಂದುವರಿಸಿ, ಅದರಲ್ಲಿ ಫ್ಲೋರೈಡ್ ತೀರಾ ಕಮ್ಮಿ. ಘಟಕ ಕೆಟ್ಟಿರುವುದನ್ನು ಪಂಚಾಯ್ತಿಗೆ ಬರವಣಿಗೆಯಲ್ಲೇ ಕೊಡಿ. ಬಾಯಿಮಾತಲ್ಲಿ ಹೇಳಿದರೆ ಆಗಲ್ಲ.

ಆಗಲೇ ಕಲೆ ಇರುವವರಿಗೂ ದಾರಿ ಇದೆ. ಕಮ್ಮಿ ಇದ್ದರೆ ಮೇಲ್ಪದರವನ್ನು ಅತಿ ತೆಳುವಾಗಿ ಉಜ್ಜಿ ತೆಗೆದು ಬ್ಲೀಚಿಂಗ್ ಮಾಡುತ್ತಾರೆ. ಜಾಸ್ತಿ ಇದ್ದರೆ ಹಲ್ಲಿನ ಬಣ್ಣದ್ದೇ ತೆಳುವಾದ ಪದರ ಕೂರಿಸುತ್ತಾರೆ. ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ದಂತ ವೈದ್ಯಕೀಯ ಕಾಲೇಜುಗಳಿವೆ, ಹೊರಗಿನ ಕ್ಲಿನಿಕ್ಕಿಗಿಂತ ಕಮ್ಮಿ ಖರ್ಚಿನಲ್ಲಿ ಆಗುತ್ತೆ. ಆದರೆ ಒಂದು ಮಾತು. ಮಾಡಿಸಿಕೊಳ್ಳಬೇಕು ಅಂತ ಅವರಿಗೇ ಅನಿಸಬೇಕು. ಸೀರೆ ಅಂಗಡಿ ಅಕ್ಕ, ದಯವಿಟ್ಟು ಆ ಹುಡುಗನಿಗೆ ಮೊದಲು ಹಲ್ಲು ಸರಿ ಮಾಡಿಸ್ಕೊಂಡು ಬಾ ಅಂತ ಹೇಳಬೇಡಿ.

ಕೋಟೆ ಕೆಳಗಿನ ಮನೆ:

ಹೌದು, ಇದನ್ನು ನಾನೂ ಹೇಳಬೇಕು ಅಂತಿದ್ದೆ. ನನಗೆ ಸಿಕ್ಕವರೆಲ್ಲ ಒಂದೊಂದು ಎಣ್ಣೆ ಹೇಳುತ್ತಾರೆ. ಆ ಊರಿನಲ್ಲಿ ಒಬ್ಬರು ನಾಟಿ ಔಷಧಿ ಕೊಡುತ್ತಾರಂತೆ ಹೋಗಿ ಅನ್ನುತ್ತಾರೆ. ಒಂದು ಸಲ ಅಂಥ ಸೊಪ್ಪಿನ ರಸ ಹಚ್ಚಿ ಕೈಯೆಲ್ಲ ಬೊಬ್ಬೆ ಬಂದಿತ್ತು. ಈಗ ಚರ್ಮದ ಡಾಕ್ಟರ ಹತ್ತಿರ ಬೆಳಕಿನ ಚಿಕಿತ್ಸೆ ತಗೊಳ್ಳುತ್ತಿದ್ದೇನೆ, ಮುಖದಲ್ಲಿ ಸ್ವಲ್ಪ ಬಣ್ಣ ವಾಪಸ್ ಬಂದಿದೆ. ಕೈಯಲ್ಲಿ ಬಂದಿಲ್ಲ. ಬರದಿದ್ದರೂ ನಾನು ದಿನಾ ಅದೇ ಬಸ್ಸಿಗೇ ಹೋಗಬೇಕು.

ಮಂಡಿಪೇಟೆ ವ್ಯಾಪಾರಿ:

ಎಲ್ಲ ಓದಿದೆ. ಎರಡೆರಡು ಸಲ ಓದಿದೆ. ಎದುರಿಗೆ ನಿಲ್ಲಿಸುವ ವಿಷಯದಲ್ಲಿ ನನಗೆ ಇನ್ನೂ ಪೂರ್ತಿ ಧೈರ್ಯ ಬಂದಿಲ್ಲ, ಸುಳ್ಳು ಹೇಳಲ್ಲ. ಆದರೆ ಲೆಕ್ಚರರ್ ಹೇಳಿದ ಹಾಗೆ ಕೆಲಸ ಕೊಟ್ಟು ನೋಡೋದು ಸರಿ ಅನಿಸಿತು. ನಮ್ಮಲ್ಲಿ ತೂಕ ಹಾಕೋಕೆ ಒಬ್ಬರು ಬೇಕು. ಸೋಮವಾರದಿಂದ ಬಂದವರಿಗೆ ಮೊದಲು ತಕ್ಕಡಿ ಕೊಡುತ್ತೇನೆ, ಮಾತು ಆಮೇಲೆ.

ಸೀರೆ ಅಂಗಡಿ ಅಕ್ಕ:

ಫೋನ್ ಮಾಡಿದೆ. ಮೊದಲನೇ ಸಲ ಎತ್ತಲಿಲ್ಲ. ಸಂಜೆ ಅವರೇ ವಾಪಸ್ ಮಾಡಿದರು. ಮೇಷ್ಟ್ರು, ಕೌಂಟರ್ 3 ಸರ್ ಹೇಳಿದ ಹಾಗೆ "ನೀವು" ಅಂತಲೇ ಮಾತಾಡಿದೆ. "ಶನಿವಾರ ನಾನು ಕೇಳಿದ ರೀತಿ ತಪ್ಪಾಗಿತ್ತು. ನೀವು ಹೇಳಿದ್ದನ್ನು ನಾನು ಸರಿಯಾಗಿ ಕೇಳಿಸಿಕೊಳ್ಳಲೇ ಇಲ್ಲ. ಇನ್ನೊಂದು ಸಲ ಬರೋಕಾಗುತ್ತಾ?" ಅಂದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ಬರ್ತೀನ್ರಿ ಮೇಡಂ" ಅಂದರು.

ಇವತ್ತು ಬೆಳಿಗ್ಗೆ ಬಂದಿದ್ದರು. ಐದು ಸೀರೆ ಕೊಟ್ಟೆ. ಬಿಚ್ಚಿದರು, ಸೆರಗು ತೋರಿಸಿದರು, ಮಡಿಸಿದರು. ಮಡಿಸುವಾಗ ಜರಿ ಒಳಗೆ ಹೋಗೋ ಹಾಗೆ ಮಡಿಸಿದರು. ನಾನು ಹೊಸಬರಿಗೆ ಅದನ್ನು ಕಲಿಸೋಕೆ ಒಂದು ವಾರ ತಗೊಳ್ಳುತ್ತೇನೆ. "ಎಲ್ಲಿ ಕಲಿತಿರಿ?" ಅಂದೆ. ಅವರ ಸೋದರತ್ತೆ ಮೊಳಕಾಲ್ಮೂರಿನಲ್ಲಿ ಮಗ್ಗ ನಡೆಸುತ್ತಾರಂತೆ, ರಜೆಯಲ್ಲೆಲ್ಲ ಅಲ್ಲೇ ಇರುತ್ತಿದ್ದರಂತೆ. ಶನಿವಾರವೂ ಅದನ್ನೇ ಹೇಳಿದ್ದೆ ಮೇಡಂ ಅಂದರು.

ಒಂದನೇ ತಾರೀಖಿನಿಂದ ಬರುತ್ತಾರೆ. ಸೀರೆ ಕೌಂಟರಿಗೇ.

ಹೋಗುವ ಮುಂಚೆ ನಾನು ನೀರಿನ ವಿಷಯ ಕೇಳಿದೆ. ಈ ಸಲ ಬರೀ ತಿಳಿದುಕೊಳ್ಳೋಕೆ. ಅವರೂರಿಗೆ ಫಿಲ್ಟರ್ ನೀರಿನ ಘಟಕ ಬಂದು ಹತ್ತು ವರ್ಷವಾಯಿತಂತೆ. ಫೋನ್ ತೆಗೆದು ತಂಗಿಯ ಫೋಟೋ ತೋರಿಸಿದರು. ಎಂಟು ವರ್ಷದ ಹುಡುಗಿ, ಕಣ್ಣು ಮುಚ್ಚಿಕೊಂಡು ಬಾಯಿ ಪೂರ್ತಿ ತೆರೆದು ನಗುತ್ತಿದ್ದಾಳೆ. ಮುಂದಿನ ಎರಡು ಹೊಸ ಹಲ್ಲು ಬಂದಿವೆ, ಬೆಳ್ಳಗೆ. "ನೋಡ್ರಿ ಮೇಡಂ, ಇಕೀವು" ಅಂದರು. ಹೇಳುವಾಗ ಕೈ ಬಾಯಿಗೆ ಹೋಗಲಿಲ್ಲ, ಫೋನ್ ಹಿಡಿದುಕೊಂಡಿದ್ದರು.